ಗುಳೆಯ ಕಥೆಯಲ್ಲಿ ಊರಲ್ಲಿ ಉಳಿದವರು

ಮಾನ್ಯ ಸಂಪಾದಕರೇ,

ಬಿಮಲ್ ರಾಯ್ ಅವರು 1953ರಲ್ಲಿ ನಿರ್ದೇಶಿಸಿದ ‘ದೋ ಬೀಘಾ ಜಮೀನ್’ ಹಿಂದಿ ಚಿತ್ರವನ್ನು ಸಂಸ್ಕರಿಸಿ 2025ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲಾಯಿತು. ಈ ಚಿತ್ರದ ಮಾತು ಬಂದಾಗಲೆಲ್ಲ ಕಲ್ಕತ್ತೆಯ ಬೀದಿಯಲ್ಲಿ ರಿಕ್ಷಾ ಎಳೆಯುವ ಬಲರಾಜ್ ಸಾಹನಿಯವರ ಅಭಿನಯಕ್ಕೇ ಚರ್ಚೆ ಮುಗಿದುಬಿಡುತ್ತದೆ. ಆ ಹೊಗಳಿಕೆಗೆ ಅವರು ಅರ್ಹರೇ. ಆದರೆ ವರ್ಷವೂ ಗುಳೆ ಹೋಗುವವರನ್ನು ಬಸ್ ನಿಲ್ದಾಣದಲ್ಲಿ ಕಾಣುವ ರಾಯಚೂರು ಜಿಲ್ಲೆಯವನಾದ ನನ್ನನ್ನು ಕಾಡಿದವಳು, ನಿರೂಪಾ ರಾಯ್ ಅಭಿನಯಿಸಿದ ಪಾರ್ವತಿ.

65 ರೂಪಾಯಿ ಎಂದು ಪಾರ್ವತಿಯ ಗಂಡ, ಸಾಹನಿ ಅಭಿನಯಿಸಿದ ರೈತ ಶಂಭು ನಂಬಿದ್ದ ಸಾಲ ಜಮೀನ್ದಾರನ ಲೆಕ್ಕದಲ್ಲಿ 235 ಆಗುತ್ತದೆ. ನ್ಯಾಯಾಲಯ ಕೊಟ್ಟ ಮೂರು ತಿಂಗಳ ಗಡುವಿನೊಳಗೆ ಅದನ್ನು ತೀರಿಸಲೆಂದು ಅವನು ಊರು ಬಿಡುತ್ತಾನೆ, ಮಗನೂ ಅವನ ಜೊತೆ ಸೇರುತ್ತಾನೆ. ಮನೆಯಲ್ಲಿ ಉಳಿಯುವವರು ಹೆಂಡತಿ ಮತ್ತು ಮುದಿ ತಂದೆ. ಮುಂದೆ ಗಂಡನನ್ನು ಹುಡುಕಿಕೊಂಡು ಪಟ್ಟಣಕ್ಕೆ ಬಂದ ಪಾರ್ವತಿ ವಾಹನಕ್ಕೆ ಸಿಕ್ಕಿ ಗಾಯಗೊಂಡಾಗ, ಹೊಲ ಉಳಿಸಲೆಂದು ಕೂಡಿಟ್ಟ ಹಣವೆಲ್ಲ ಅವಳ ಚಿಕಿತ್ಸೆಗೆ ಖರ್ಚಾಗುತ್ತದೆ. ಇದನ್ನು ಅತಿನಾಟಕೀಯ ಎನ್ನುವವರಿದ್ದಾರೆ. ಮನೆಯವರ ಒಂದೇ ಕಾಯಿಲೆಗೆ ಇಡೀ ಹಂಗಾಮಿನ ದುಡಿಮೆ ಕರಗಿ, ಮೇಸ್ತ್ರಿಯ ಹತ್ತಿರ ಮತ್ತೆ ಮುಂಗಡ ಪಡೆದು ಬಸ್ ಹತ್ತುವವರನ್ನು ಕಂಡ ನಮ್ಮ ಕಡೆಯವರು ಹಾಗೆನ್ನಲಾರರು. ನನ್ನ ಆಕ್ಷೇಪ ಬೇರೆ: ಶಂಭುವಿನ ಒಂದೊಂದು ದಿನವನ್ನೂ ಹಿಂಬಾಲಿಸುವ ಚಿತ್ರ, ಪಾರ್ವತಿ ಊರಲ್ಲಿ ಕಳೆದ ದಿನಗಳನ್ನು ಅಲ್ಲಲ್ಲಿ ಇಣುಕಿ ನೋಡಿ ಮುಂದೆ ಸಾಗುತ್ತದೆ.

ಆ ದಿನಗಳೇ ಒಂದು ಚಿತ್ರಕ್ಕೆ ಸಾಕಾಗುವಷ್ಟಿವೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಮಗ, ಸೊಸೆ ಹೋದ ಮೇಲೆ ಮೊಮ್ಮಕ್ಕಳನ್ನು ಶಾಲೆಗೆ ಕಳಿಸಿ, ಎಮ್ಮೆಗೆ ಮೇವು ಹಾಕಿ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಲ್ಲುವ ಅಜ್ಜಿಯ ಹೆಬ್ಬೆಟ್ಟು ಕಳೆ ಕಿತ್ತು ಕಿತ್ತು ಸವೆದು ಹೋಗಿರುವುದರಿಂದ ಯಂತ್ರ ಅದನ್ನು ಗುರುತಿಸುವುದಿಲ್ಲ. ಮಗ ಕಳಿಸುವ ಹಣ ಬರುವುದು ಪಕ್ಕದ ಮನೆಯ ಹುಡುಗನ ಮೊಬೈಲಿಗೆ. ಅವನು ಊರಲ್ಲಿಲ್ಲದ ದಿನ ಕಿರಾಣಿ ಅಂಗಡಿಯಲ್ಲಿ ಉದ್ದರಿ. ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ, ವಲಸೆ ಹೋದವರು ಅಲ್ಲಿಯೇ ಸ್ವಲ್ಪ ಧಾನ್ಯ ಪಡೆದು ಮಿಕ್ಕಿದ್ದನ್ನು ಊರಲ್ಲಿರುವ ಮನೆಯವರು ಪಡೆಯಲು ಅವಕಾಶವಿದೆಯಾದರೂ, ಅದನ್ನು ಅಜ್ಜಿಗೆ ಬಿಡಿಸಿ ಹೇಳುವವರು ಯಾರು?

ಕನ್ನಡದಲ್ಲಿ ಗುಳೆಯ ಕುರಿತು ಚಿತ್ರ ಮಾಡಬಯಸುವವರು ಕ್ಯಾಮೆರಾವನ್ನು ಬಸ್ಸಿನ ಹಿಂದೆ ಓಡಿಸುವ ಬದಲು ಒಂದು ಹಂಗಾಮು ಇಂತಹ ಮನೆಯ ಕಟ್ಟೆಯ ಮೇಲೆ ಇಡಲಿ. ಹಾಗೆಯೇ, ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಚಿತ್ರೋತ್ಸವ ನಡೆಸುವ ಕರ್ನಾಟಕ ಚಲನಚಿತ್ರ ಅಕಾಡೆಮಿಯು ಸಂಸ್ಕರಿಸಿದ ಈ ಚಿತ್ರವನ್ನು ಕನ್ನಡ ಅಡಿಬರಹದೊಂದಿಗೆ ದೇವದುರ್ಗ, ಸುರಪುರ, ಲಿಂಗಸುಗೂರಿನಂತಹ ತಾಲ್ಲೂಕುಗಳಲ್ಲಿ ತೋರಿಸಬೇಕು. ಅದೂ ಯುಗಾದಿಗೆ, ದುಡಿಯಲು ಹೋದವರು ಊರಿಗೆ ಬರುವ ಹೊತ್ತಿಗೆ.

– ನಿವೃತ್ತ ಶಿಕ್ಷಕ, ಲಿಂಗಸುಗೂರು