ನಮ್ಮ ಗುಡ್ಡಕ್ಕೆ ಮತ್ತೆ ಅಕೇಶಿಯಾ ಬೇಡ: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರೇ, ನಮಸ್ಕಾರ.

ಈ ಮಳೆಗಾಲದಲ್ಲಿ ನಮ್ಮೂರ ಗುಡ್ಡದ ಮೇಲೆ ಮತ್ತೆ ಅಕೇಶಿಯಾ ಮರ ನೆಡಬೇಡಿ. ಕೇಳಬೇಕಾದ್ದು ಇಷ್ಟೇ, ಹಾಗಾಗಿ ಮೊದಲೇ ಕೇಳಿಬಿಟ್ಟೆ. ಅರ್ಜಿ ಕೊಟ್ಟು, ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ, ಸಾಹೇಬರು ಬಂದಾಗೆಲ್ಲ ಕೈಮುಗಿದು ಸಾಕಾಗಿದೆ. ಅದಕ್ಕೇ ಈಗ ಎಲ್ಲರೆದುರು ಬರೆಯುತ್ತಿದ್ದೇನೆ.

ನಿಯಮ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ನೀಲಗಿರಿ, ಅಕೇಶಿಯಾ ನೆಡಬಾರದು ಅಂತ 2017ರಲ್ಲಿ ಆದೇಶ ಮಾಡಿದ್ದು ಸರ್ಕಾರವೇ ಅಲ್ವಾ? ಭದ್ರಾವತಿಯ ಎಂಪಿಎಂ (ಮೈಸೂರು ಪೇಪರ್ ಮಿಲ್ಸ್) ಕಾಗದ ಕಾರ್ಖಾನೆಗೆ ಕಾಗದದ ಮರ ಬೆಳೆಸಲು 1980ರಲ್ಲಿ ಕೊಟ್ಟಿದ್ದ 20 ಸಾವಿರ ಹೆಕ್ಟೇರಿಗೂ ಜಾಸ್ತಿ ಕಾಡಿನ ಗುತ್ತಿಗೆ 2020ಕ್ಕೆ ಮುಗಿಯಿತು. ಕಾರ್ಖಾನೆಯ ಯಂತ್ರ 2015ರಲ್ಲೇ ನಿಂತಿತ್ತು. ಕಾಗದವನ್ನೇ ಮಾಡದ ಕಾರ್ಖಾನೆಗೆ ಮರ ಯಾಕೆ? ಆದರೂ 2020ರಲ್ಲೇ ಸರ್ಕಾರ ಗುತ್ತಿಗೆಯನ್ನು ಇನ್ನೂ 40 ವರ್ಷ ಮುಂದುವರಿಸಿತು. ಮಲೆನಾಡಿನ ಜನ ಬೇಡ ಬೇಡ ಅಂತ ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ.

ಅಕೇಶಿಯಾದ ಕೆಳಗೆ ಏನಿದೆ ಅಂತ ಒಮ್ಮೆ ನಡೆದು ನೋಡಿ. ದಪ್ಪ ಎಲೆ ಚಾಪೆ ಹಾಸಿದ ಹಾಗೆ ಬಿದ್ದಿರುತ್ತದೆ, ಬೇಗ ಕೊಳೆಯುವುದಿಲ್ಲ, ಹುಲ್ಲು ಏಳುವುದಿಲ್ಲ. ದನ ಮೂಸಿ ನೋಡಿ ಮುಂದೆ ಹೋಗುತ್ತವೆ. ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಅದೇ ಎಲೆ ಧಗಧಗ ಉರಿಯುತ್ತದೆ. ಹಿಂದೆ ಅಲ್ಲಿ ಹಲಸು, ನೇರಳೆ, ಕಾಡುಮಾವು, ಉಪ್ಪಾಗೆ, ಮುರುಗಲು ಇದ್ದವು. ನಮ್ಮಜ್ಜಿ ಉಪ್ಪಾಗೆ ಹಣ್ಣು ಆರಿಸಿ ಮಳೆಗಾಲದ ಖರ್ಚು ತೂಗಿಸುತ್ತಿದ್ದರು. ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಗು (ಒಣ ಎಲೆ) ಎಲ್ಲ ಅಲ್ಲಿಂದಲೇ. ಈಗ ಮಂಗಕ್ಕೂ ಕಾಡಿನಲ್ಲಿ ತಿನ್ನಲು ಏನೂ ಇಲ್ಲ, ಅವು ಸೀದಾ ನಮ್ಮ ತೋಟಕ್ಕೆ ಬರುತ್ತವೆ. ಬಾಳೆಗೊನೆ ಬಲಿಯುವುದನ್ನು ನೋಡಿ ಎಷ್ಟು ಕಾಲವಾಯಿತೋ. ಎಳೆ ಅಡಿಕೆ ಕಿತ್ತು ಚೀಪಿ ಬಿಸಾಡುತ್ತವೆ. ಬೆಳಗಾದರೆ ಮಂಗ ಓಡಿಸುವುದು, ರಾತ್ರಿಯಾದರೆ ಹಂದಿ ಕಾಯುವುದು, ಇಷ್ಟರಲ್ಲೇ ಮನೆಯವರೆಲ್ಲ ಸುಸ್ತಾಗಿದ್ದೇವೆ.

ಇದನ್ನೂ ಸಹಿಸಿಕೊಂಡಿದ್ದೆವು. ಆದರೆ ಕಳೆದ ವರ್ಷ ನಡೆದಿದ್ದನ್ನು ಸಹಿಸಲು ಆಗುತ್ತಿಲ್ಲ. ಹಳೇ ಅಕೇಶಿಯಾ ಕಡಿದು ಸಾಗಿಸಿದ ಮೇಲೆ ಗುಡ್ಡದ ಒಂದು ಮಗ್ಗುಲಲ್ಲಿ ಮತ್ತಿ, ಹೊನ್ನೆ, ನೇರಳೆ ಗಿಡಗಳು ತಾವಾಗಿಯೇ ಎದ್ದಿದ್ದವು. ಯಾರೂ ನೆಟ್ಟಿದ್ದಲ್ಲ, ನೀರು ಹಾಕಿದ್ದಲ್ಲ. ಸರ್ಕಾರಕ್ಕೆ ಒಂದು ರೂಪಾಯಿ ಖರ್ಚಿಲ್ಲದೆ ಕಾಡು ವಾಪಸ್ ಬರುತ್ತಿತ್ತು. ಒಂದು ದಿನ ನಿಮ್ಮ ಇಲಾಖೆಯವರು ಜೆಸಿಬಿ ತಂದು ಎಲ್ಲವನ್ನೂ ಬೇರುಸಮೇತ ಕಿತ್ತು ಗುಂಡಿ ತೆಗೆದರು, ಮತ್ತೆ ಅಕೇಶಿಯಾ ನೆಡೋಕೆ! ಅಡ್ಡ ನಿಂತ ನೆರೆಮನೆಯ ಹಿರಿಯರಿಗೆ, ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡಿದರೆ ಕೇಸು ಹಾಕುತ್ತೇವೆ ಅಂದರು. ಬೇಲಿಗೆ ಗೂಟ ಕಡಿದರು ಅಂತ ಅದೇ ಮನುಷ್ಯನ ಕತ್ತಿ ಕಿತ್ತುಕೊಂಡು ಹೋಗಿದ್ದವರೂ ಇವರೇ. ನಾವು ಒಂದು ಗೂಟ ಕಡಿದರೆ ಅಪರಾಧ, ನಿಮ್ಮವರು ಎಳೆ ಕಾಡನ್ನೇ ಕಿತ್ತರೆ ಅರಣ್ಯೀಕರಣ. ಇದು ಯಾವ ನ್ಯಾಯ ಸ್ವಾಮಿ? ಆ ದಿನ ನಾವು ಅತ್ತಿದ್ದೇವೆ, ನಿಜವಾಗಿಯೂ ಅತ್ತಿದ್ದೇವೆ.

ನೀವು ವನಮಹೋತ್ಸವಕ್ಕೆ ಬರುವುದು ಬೇಡ, ಸಸಿ ಹಂಚುವುದೂ ಬೇಡ. ಆ ಗುಡ್ಡವನ್ನು ಅದರ ಪಾಡಿಗೆ ಬಿಟ್ಟುಬಿಡಿ. ಬೆಂಕಿ ಬೀಳದಂತೆ ಬೇಸಿಗೆಗೆ ಮೊದಲು ಒಣ ಎಲೆ, ಹುಲ್ಲು ಸವರಿ ಬೆಂಕಿರೇಖೆ ಮಾಡಿಸಿ, ಕಾಯುವ ಕೆಲಸಕ್ಕೆ ನಾವೂ ಬರುತ್ತೇವೆ. ಬಿದ್ದ ಬೀಜದಿಂದ ಏಳುವ ಅಕೇಶಿಯಾ ಸಸಿಗಳನ್ನು ಮಾತ್ರ ಕೀಳಿಸಿ. ಗುಡ್ಡದಲ್ಲಿ ಏನು ಮಾಡುವುದಿದ್ದರೂ ಗುಂಡಿ ತೆಗೆಯುವ ಮೊದಲು ಗ್ರಾಮಸಭೆಯನ್ನು ಕೇಳಿ.

ಮತ್ತೆ ಹೇಳುತ್ತೇನೆ, ನಮ್ಮ ಗುಡ್ಡಕ್ಕೆ ಅಕೇಶಿಯಾ ಬೇಡ. ಜೂನ್‌ಗೆ ಮೊದಲು ಇದನ್ನು ಬಾಯಿಮಾತಿನಲ್ಲಿ ಅಲ್ಲ, ಬರಹದಲ್ಲಿ ಆದೇಶ ಮಾಡಿ ಕಳಿಸಿ.

ಇಂತಿ,
ಮಲೆನಾಡಿನ ಅಡಿಕೆ ಬೆಳೆಗಾರ