ಅಮ್ಮನನ್ನು ಸುರಕ್ಷಿತವಾಗಿ ಕೆಳಗಿಳಿಸಿದವರಿಗೆ

ಬೆಂಕಿಯ ಅಲಾರಂ ಮೊಳಗಿ ಲಿಫ್ಟ್ ಬಳಸುವಂತಿಲ್ಲದಾದಾಗ, ನಡೆಯಲಾಗದ ನನ್ನ ತಾಯಿಯನ್ನು ಮೆಟ್ಟಿಲಿಳಿಸುವ ತುರ್ತು ಕುರ್ಚಿಯಲ್ಲಿ ಕೂರಿಸಿ ಕೆಳಗೆ ತಲುಪಿಸಿ, ಹೆಸರನ್ನೂ ಹೇಳದೆ ಹೊರಟುಹೋದ ತಮಗೆ ನಮ್ಮ ಕುಟುಂಬದ ಹೃತ್ಪೂರ್ವಕ ಧನ್ಯವಾದಗಳು. ತಾವು ಅವಸರಪಡಲಿಲ್ಲ. ಎಲ್ಲಿ ನೋವಿದೆಯೆಂದು ಅವರನ್ನೇ ವಿಚಾರಿಸಿ, ಪಟ್ಟಿಗಳನ್ನು ಬಿಗಿದು, ಕೈಗಳನ್ನು ಮಡಿಲಲ್ಲೇ ಇರಿಸಿಕೊಳ್ಳಲು ತಿಳಿಸಿದಿರಿ. ಕುರ್ಚಿಯ ರಬ್ಬರ್ ಬೆಲ್ಟ್‌ಗಳು ಮೆಟ್ಟಿಲಿನ ಅಂಚುಗಳ ಮೇಲೆ ಜಾರುವಾಗ ಕುಳಿತವರ ಭಾರದಿಂದಲೇ ಘರ್ಷಣೆ ಹೆಚ್ಚಿ ವೇಗ ಹತೋಟಿಯಲ್ಲಿರುತ್ತದೆ, ಎತ್ತಿ ಹೊರಬೇಕಾಗಿಲ್ಲ ಎಂಬುದು ನಿಜ. ಆದರೂ ಪ್ರತಿ ತಿರುವಿನಲ್ಲಿ ಅದನ್ನು ಚಕ್ರಗಳ ಮೇಲೆ ನಿಲ್ಲಿಸಿ ಹೊರಳಿಸಲು ಅಭ್ಯಾಸ ಬೇಕು, ತಮಗೆ ಅದಿತ್ತು. ಇಂಥ ತರಬೇತಿ ಪಡೆದವರು ಪ್ರತಿ ಮಹಡಿಯಲ್ಲೂ ಇರಲೇಬೇಕೆಂಬುದು ನನ್ನ ಅಭಿಪ್ರಾಯ. ಗಾಲಿಕುರ್ಚಿಯನ್ನು ಮೇಲೆಯೇ ಬಿಟ್ಟುಬಂದ ಅಮ್ಮನ ಆತಂಕವನ್ನರಿತು, ಅವರಿಗೆ ಕೂರಲು ಬೇರೊಂದು ಆಸನವನ್ನು ಹೊಂದಿಸಿದ ಮೇಲೆಯೇ ತಾವು ಹೊರಟಿರಿ.