ಸೋರಿಕೆಯನ್ನೂ ಅಳೆಯಲಿ

ಮಾನ್ಯರೇ,

ರೇಡಿಯೊ ಅಲೆಗಳನ್ನು ಬೇಕಾದ ದಿಕ್ಕಿಗೆ ಪ್ರತಿಫಲಿಸುವಂತೆ ನಿಯಂತ್ರಿಸಬಲ್ಲ ‘ಪ್ರೋಗ್ರಾಮೆಬಲ್ ಮೆಟಾಸರ್ಫೇಸ್’ ಫಲಕ ಅಳವಡಿಸಿದರೆ ವೈಫೈ ಕದ್ದಾಲಿಕೆ ನಿಲ್ಲುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ಈ ಫಲಕದ ತುಂಬ ತಾಮ್ರದ ಪುಟ್ಟ ಚೌಕಗಳಿದ್ದು, ಸರಳ ಮಾದರಿಯಲ್ಲಿ ಒಂದೊಂದಕ್ಕೂ ಸ್ವಿಚ್ಚಿನಂತೆ ಕೆಲಸ ಮಾಡುವ ಒಂದು ಪಿನ್ ಡಯೋಡ್ ಇರುತ್ತದೆ. ಡಯೋಡ್ ಆನ್ ಅಥವಾ ಆಫ್ ಆದಂತೆ ಪ್ರತಿಫಲಿಸುವ ಅಲೆಯ ಫೇಸ್ (ಏರಿಳಿತದ ಹಂತ) 180 ಡಿಗ್ರಿ, ಅಂದರೆ ಉಬ್ಬಿದ್ದಲ್ಲಿ ತಗ್ಗು ಬರುವಂತೆ, ಬದಲಾಗುತ್ತದೆ. ಇದರಿಂದ ಸಿಗ್ನಲ್ಲನ್ನು ಬೇಕಾದವರತ್ತ ತಿರುಗಿಸಬಹುದು, ನಿಜ. ತೊಡಕಿರುವುದು ಇಲ್ಲೇ: ದೂರದಿಂದ ನೇರವಾಗಿ ಬಂದ ಅಲೆಯನ್ನು ಇಂಥ ‘ಒಂದು ಬಿಟ್’ (ಆನ್, ಆಫ್ ಎಂಬ ಎರಡೇ ಸ್ಥಿತಿಯ) ಫಲಕ 30 ಡಿಗ್ರಿ ಬಲಕ್ಕೆ ತಿರುಗಿಸಿದರೆ, ಅಷ್ಟೇ ಬಲವಾದ ಇನ್ನೊಂದು ಕಿರಣ 30 ಡಿಗ್ರಿ ಎಡಕ್ಕೂ ಹೋಗುತ್ತದೆ. ಕಳ್ಳಕಿವಿ ಅಲ್ಲೇ ಕೂತಿದ್ದರೆ? ಅದು ಏನನ್ನೂ ಪ್ರಸಾರ ಮಾಡುವುದಿಲ್ಲವಾದ್ದರಿಂದ ಪತ್ತೆಯೂ ಸುಲಭವಲ್ಲ. ಫಲಕದ ನಿಯಂತ್ರಣ ಬೋರ್ಡ್ ಅನ್ಯರ ಕೈಸೇರಿದರಂತೂ ಕಾವಲಿಗಿಟ್ಟದ್ದೇ ಕನ್ನ ಕೊರೆಯುತ್ತದೆ.

ಮೈಸೂರು, ಮಂಡ್ಯದ ಎಂಜಿನಿಯರಿಂಗ್ ಕಾಲೇಜುಗಳು ಇಂಥ ಪ್ರಾಜೆಕ್ಟ್‌ಗಳನ್ನು ಒಪ್ಪಿಕೊಳ್ಳುವಾಗ, ಗುರಿಯ ದಿಕ್ಕಿನಲ್ಲಿ ಸಿಗ್ನಲ್ ಎಷ್ಟು ಡೆಸಿಬೆಲ್ ಏರಿತು ಎಂಬುದಕ್ಕಷ್ಟೇ ಅಂಕ ಕೊಡಬಾರದು. ರಿಸೀವರನ್ನು ಫಲಕದ ಎದುರು ಎಡದಿಂದ ಬಲಕ್ಕೆ 180 ಡಿಗ್ರಿ ಸರಿಸಿ, ಸೋರಿಕೆಯ ನಕ್ಷೆಯನ್ನೂ ಕಡ್ಡಾಯವಾಗಿ ಕೇಳಲಿ. ಪ್ರಯೋಗದುದ್ದಕ್ಕೂ ವೈಫೈ ಸುರಕ್ಷತೆಯ ಡಬ್ಲ್ಯುಪಿಎ3 ಮಾನದಂಡದ ಗೂಢಲಿಪೀಕರಣ ಚಾಲೂ ಇರಲಿ.

– ಎಲೆಕ್ಟ್ರಾನಿಕ್ಸ್ ಉಪನ್ಯಾಸಕರು, ಸರಸ್ವತಿಪುರಂ, ಮೈಸೂರು